ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್: ಕರೆಂಟ್, ನೆಟ್ ಎರಡೂ ಕೈಕೊಡುವ ಕೊಡಗಿನಲ್ಲಿ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಹತ್ತಿರ ಎಂಟು ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಇದೆಯಾ? ಅದರಲ್ಲಿ ನಡೆಯುವುದು ಬ್ರೌಸರ್, ಲೆಕ್ಕದ ಶೀಟ್, ಒಂದೆರಡು ಪತ್ರ, ಫೋಟೋ, ವೀಡಿಯೋ ಕಾಲ್ ಇಷ್ಟೇನಾ? ಹಾಗಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಿ. ಪುಕ್ಕಟೆ ಸಿಗುತ್ತದೆ ಅನ್ನುವ ಕಾರಣಕ್ಕೆ ಹೇಳುತ್ತಿಲ್ಲ. ಭಾಗಮಂಡಲ, ನಾಪೋಕ್ಲು ಕಡೆ ಜುಲೈ ತಿಂಗಳಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಟವರ್‌ನ ಬ್ಯಾಟರಿ ಮುಗಿದರೆ ಫೋನ್ ಸಿಗ್ನಲ್ ಕೂಡ ಇಲ್ಲ. ಇಂಥ ಜಾಗದಲ್ಲಿ ಕಂಪ್ಯೂಟರ್ ಕೆಟ್ಟರೆ ಅದನ್ನು ಹೊತ್ತುಕೊಂಡು ಮಡಿಕೇರಿಗೋ ಗೋಣಿಕೊಪ್ಪಕ್ಕೋ ಹೋಗದೆ ಮನೆಯಲ್ಲೇ ಸರಿ ಮಾಡಿಕೊಳ್ಳುವಂತಿರಬೇಕು. ಮಿಂಟ್ ನನಗೆ ಹಿಡಿಸಿದ್ದು ಅದಕ್ಕೇ.

ನಾನು ಹಾಕಿದ್ದು ಚಿಕ್ಕಪ್ಪನ ಲ್ಯಾಪ್‌ಟಾಪ್‌ಗೆ. ಅವರದು ಕಾಫಿ ತೋಟ, ಜೊತೆಗೆ ಸಣ್ಣದೊಂದು ಹೋಂಸ್ಟೇ. ಕೆಲಸದವರ ಚೆಕ್‌ರೋಲ್ (ಹಾಜರಿ, ಕೂಲಿಯ ಪಟ್ಟಿ), ಗೊಬ್ಬರದ ಲೆಕ್ಕ, ಕರಿಮೆಣಸು ಮಾರಿದ ಬಿಲ್, ಹೋಂಸ್ಟೇ ಬುಕಿಂಗ್ ಎಲ್ಲವೂ ಅದರಲ್ಲೇ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಮೇಲಿನ ಪ್ರೊಸೆಸರ್ ಬೇಕು. ಅಂಗಡಿಯಲ್ಲಿ ಕೇಳಿದರೆ ಹೊಸದು ತೆಗೆದುಕೊಳ್ಳಿ ಅಂದರು. ಕೀಬೋರ್ಡ್ ಚೆನ್ನಾಗಿದೆ, ಸ್ಕ್ರೀನ್ ಚೆನ್ನಾಗಿದೆ. ಕೆಲಸ ಮಾಡುವ ಯಂತ್ರವನ್ನು ಸುಮ್ನೆ ಮೂಲೆಗೆ ಹಾಕುವುದು ಯಾಕೆ? ಹಳೆಯ ಹಾರ್ಡ್ ಡಿಸ್ಕ್ ತೆಗೆದು ಒಂದು ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿದೆವು. ಯಾವ ಸಿಸ್ಟಂ ಹಾಕಿದರೂ ಹಳೆಯ ಲ್ಯಾಪ್‌ಟಾಪ್‌ಗೆ ಮಾಡಬೇಕಾದ ಮೊದಲ ಕೆಲಸ ಇದು. ಡಿಸ್ಕ್ ಹಳೆಯದೇ ಇಟ್ಟುಕೊಂಡು ಮಿಂಟ್ ಹಾಕಿದರೆ ಸ್ವಲ್ಪ ಹಗುರ ಅನ್ನಿಸಬಹುದು, ಆದರೆ ದೊಡ್ಡ ವ್ಯತ್ಯಾಸ ಕಾಣುವುದು ಎಸ್‌ಎಸ್‌ಡಿ ಇಂದಲೇ.

ಮಿಂಟ್ ಶುರುವಾಗಿದ್ದು 2006ರಲ್ಲಿ. ಈಗಿನ 22ರ ಸರಣಿ ಬಂದಿದ್ದು 2024ರ ಜುಲೈನಲ್ಲಿ. ಅದರ ತಳಪಾಯ ಉಬುಂಟು 24.04 ಎಂಬ ಇನ್ನೊಂದು ಲಿನಕ್ಸ್, ಮತ್ತು 2029ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ. ಅಂದರೆ ಒಮ್ಮೆ ಹಾಕಿದರೆ ಕೆಲವು ವರ್ಷ ತಲೆಕೆಡಿಸಿಕೊಳ್ಳುವುದು ಬೇಡ.

ಡೌನ್‌ಲೋಡ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಮ್ಮ ಕಡೆ ಎಡವಟ್ಟು ಶುರುವಾಗುವುದೇ ಅಲ್ಲಿ. ಫೈಲ್ ಹತ್ತಿರಹತ್ತಿರ 3 ಜಿಬಿ. ಬ್ರೌಸರ್‌ನಲ್ಲಿ ಇಳಿಸಲು ಕೂತರೆ ನಡುವೆ ನೆಟ್ ಹೋಗಿ, ಮತ್ತೆ ಬಂದು, ಕೊನೆಗೆ ಪೂರ್ತಿ ಇಳಿದ ಹಾಗೆ ಕಂಡರೂ ಒಳಗೆ ಹಾಳಾಗಿರಬಹುದು. ಇನ್‌ಸ್ಟಾಲ್ ಮಧ್ಯೆ ಏನೇನೋ ಎರರ್ ಬಂದು ನಿಂತಾಗ ಎಷ್ಟೋ ಜನ ಲ್ಯಾಪ್‌ಟಾಪೇ ಸರಿಯಿಲ್ಲ ಅಂದುಕೊಳ್ಳುತ್ತಾರೆ, ನಿಜವಾದ ಕಾರಣ ಆ ಫೈಲ್. ಮಿಂಟ್‌ನವರು ಟೊರೆಂಟ್ ಕೂಡ ಕೊಡುತ್ತಾರೆ, ಅದನ್ನೇ ಬಳಸಿ. ನೆಟ್ ಎಷ್ಟು ಸಲ ಹೋದರೂ ನಿಂತ ಕಡೆಯಿಂದ ಮುಂದುವರಿಯುತ್ತದೆ, ಇಳಿದ ಪ್ರತಿ ತುಂಡನ್ನೂ ತಾನೇ ಪರೀಕ್ಷಿಸಿಕೊಳ್ಳುತ್ತದೆ. ಬೇರೆಯವರ ಹತ್ತಿರ ಪೆನ್‌ಡ್ರೈವ್‌ನಲ್ಲಿ ಫೈಲ್ ತಂದಿದ್ದರೆ ಮಿಂಟ್ ವೆಬ್‌ಸೈಟ್‌ನಲ್ಲಿರುವ ಚೆಕ್‌ಸಮ್ (ಫೈಲ್ ಹಾಳಾಗಿಲ್ಲ ಅಂತ ತಿಳಿಸುವ ಗುರುತಿನ ಸಂಕೇತ) ಜೊತೆ ತಾಳೆ ನೋಡಿಯೇ ಮುಂದೆ ಹೋಗಿ. ಆಮೇಲೆ ರೂಫಸ್, ಎಚರ್ ಅಥವಾ ವೆಂಟಾಯ್ ಎಂಬ ಸಾಫ್ಟ್‌ವೇರ್ ಬಳಸಿ ಪೆನ್‌ಡ್ರೈವ್‌ಗೆ ಬರೆಯಬೇಕು. ಬರೀ ಕಾಪಿ ಮಾಡಿ ಹಾಕಿದರೆ ಬೂಟ್ ಆಗುವುದಿಲ್ಲ. ವೆಂಟಾಯ್ ಇದ್ದರೆ ಮಾತ್ರ ಕಾಪಿ ಸಾಕು.

ಮಿಂಟ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಲೈವ್ ಸೆಷನ್. ಪೆನ್‌ಡ್ರೈವ್‌ನಿಂದಲೇ ಪೂರ್ತಿ ಸಿಸ್ಟಂ ಏಳುತ್ತದೆ, ಡಿಸ್ಕ್‌ನಲ್ಲಿರುವ ಒಂದಕ್ಷರವೂ ಬದಲಾಗುವುದಿಲ್ಲ. ಈ ಹಂತವನ್ನು ಅವಸರದಲ್ಲಿ ದಾಟಬೇಡಿ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಾ, ಕ್ಯಾಮೆರಾ ಕಾಣುತ್ತಾ, ಮುಚ್ಚಳ ಮುಚ್ಚಿ ತೆರೆದರೆ ಎದ್ದೇಳುತ್ತಾ, ಪ್ರಿಂಟರ್ ಸೇರಿಸಿದರೆ ಒಂದು ಪುಟ ಬರುತ್ತಾ, ಇಷ್ಟನ್ನೂ ಅಲ್ಲೇ ನೋಡಿ. ಇಲ್ಲಿ ಆದದ್ದು ಇನ್‌ಸ್ಟಾಲ್ ಆದಮೇಲೂ ಸಾಮಾನ್ಯವಾಗಿ ಆಗುತ್ತದೆ. ಪೆನ್‌ಡ್ರೈವ್‌ನಿಂದ ನಡೆಯುವುದರಿಂದ ಎಲ್ಲಾ ನಿಧಾನ ಇರುತ್ತದೆ, ಅದನ್ನು ನೋಡಿ ಬೇಜಾರಾಗುವುದು ಬೇಡ. ಸ್ಕ್ರೀನ್ ಕಪ್ಪಾಗಿ ನಿಂತರೆ ಬೂಟ್ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಅಂತ ಇನ್ನೊಂದು ಆಯ್ಕೆ ಇದೆ, ಅದರಿಂದ ಒಳಗೆ ಹೋಗಿ. ಗ್ರಾಫಿಕ್ಸ್ ಡ್ರೈವರ್ ತೊಂದರೆ ಇದ್ದಾಗ ದಾರಿ ಅದೇ.

ಚಿಕ್ಕಪ್ಪ ಪಕ್ಕದಲ್ಲಿ ಕೂತು ಕೇಳಿದ್ದು ಒಂದೇ: "ಮಗಾ, ಚೆಕ್‌ರೋಲ್ ಶೀಟ್ ಇದ್ರಲ್ಲಿ ತೆರೆಯುತ್ತಾ?" ತೆರೆದು ತೋರಿಸಿದೆ. ಲಿಬ್ರೆಆಫೀಸ್ ಮಿಂಟ್ ಜೊತೆಗೇ ಬರುತ್ತದೆ, ಎಕ್ಸೆಲ್ ಫೈಲ್ ತೆರೆಯುತ್ತದೆ, ಕೂಡಿಸುವ ಕಳೆಯುವ ಫಾರ್ಮುಲಾಗಳೆಲ್ಲ ಹಾಗೇ ಇರುತ್ತವೆ. ಮ್ಯಾಕ್ರೋ ಬರೆದಿಟ್ಟ ಶೀಟ್ ಆದರೆ ಕೆಲವು ನಡೆಯುವುದಿಲ್ಲ. ಶೀಟನ್ನು ಅಕೌಂಟೆಂಟ್‌ಗೆ ಕಳಿಸುವವರು ಸೆಟ್ಟಿಂಗ್ಸ್‌ಗೆ ಹೋಗಿ ಎಕ್ಸೆಲ್ ರೂಪದಲ್ಲೇ ಸೇವ್ ಆಗುವ ಹಾಗೆ ಮಾಡಿಡಿ.

ಇನ್‌ಸ್ಟಾಲ್‌ಗೆ ಮುಂಚೆ ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ನೋಡಬೇಕಾದ್ದು ಸ್ವಲ್ಪ ಇದೆ. ಡಿಸ್ಕೇ ಕಾಣುತ್ತಿಲ್ಲ ಅಂತ ಇನ್‌ಸ್ಟಾಲರ್ ಹೇಳಿದರೆ ಡಿಸ್ಕ್ ಕೆಟ್ಟಿದೆ ಅಂತ ತೀರ್ಮಾನ ಮಾಡಬೇಡಿ. ಸಾಟಾ ಮೋಡ್ ಎಂಬ ಸೆಟ್ಟಿಂಗ್ ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಅಂತ ಇದ್ದರೆ ಅದನ್ನು ಎಎಚ್‌ಸಿಐ ಮಾಡಬೇಕು, ಆಗ ಕಾಣುತ್ತದೆ. ಆದರೆ ವಿಂಡೋಸ್ ಕೂಡ ಪಕ್ಕದಲ್ಲಿ ಇರಲಿ ಅನ್ನುವವರು ಏಕಾಏಕಿ ಬದಲಿಸಿದರೆ ವಿಂಡೋಸ್ ಏಳದೇ ಹೋಗಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಹೇಳಿ, ಬಯೋಸ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಆಮೇಲೆ ಮಾಮೂಲಿಗೆ ತರಬೇಕು. ಎರಡೂ ಇಟ್ಟುಕೊಳ್ಳುವವರು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರ್ಧ ನಿದ್ದೆಯಲ್ಲಿರುತ್ತದೆ, ಮಿಂಟ್‌ನಿಂದ ಆ ಡ್ರೈವ್‌ಗೆ ಏನೂ ಬರೆಯಲು ಆಗುವುದಿಲ್ಲ. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದಿನ ಮಾತು.

ಎರಡು ಸಿಸ್ಟಂ ಇದ್ದಾಗ ಇನ್ನೊಂದು ವಿಚಿತ್ರ ಕಾಣುತ್ತದೆ. ಮಿಂಟ್‌ಗೆ ಹೋಗಿ ಬಂದರೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ. ಬ್ಯಾಟರಿ ಸೆಲ್ ಹೋಗಿದೆ ಅಂತ ಅಂಗಡಿಗೆ ಹೋಗಬೇಡಿ. ಮದರ್‌ಬೋರ್ಡ್ ಗಡಿಯಾರದಲ್ಲಿ ವಿಂಡೋಸ್ ನಮ್ಮ ಸಮಯವನ್ನೇ ಇಡುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಇಡುತ್ತದೆ, ಭಾರತಕ್ಕೂ ಯುಟಿಸಿಗೂ ಇರುವ ಅಂತರವೇ ಅದು. ಟೈಮ್‌ಡೇಟ್‌ಸಿಟಿಎಲ್ (timedatectl) ಎಂಬ ಕಮಾಂಡ್‌ನಿಂದ ಮಿಂಟ್‌ಗೂ ಸ್ಥಳೀಯ ಸಮಯವನ್ನೇ ಇಡಲು ಹೇಳಿದರೆ ಮುಗಿಯಿತು.

ವೈಫೈ ವಿಷಯದಲ್ಲಿ ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ ಏನೂ ಮಾಡಬೇಕಾಗಿಲ್ಲ. ಕೆಲವು ಹಳೆಯ ಬ್ರಾಡ್‌ಕಾಮ್ ಚಿಪ್‌ಗಳಿಗೆ ಮಾತ್ರ ಬೇರೆ ಡ್ರೈವರ್ ಹಾಕಬೇಕು. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು, ಈ ಸಿಕ್ಕು ಬಿಡಿಸುವುದು ಸುಲಭ. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಮಿಂಟ್ ತಕ್ಷಣ ನೆಟ್ ಹಿಡಿಯುತ್ತದೆ. ಸಿಗ್ನಲ್ ಕೂಡ ಇಲ್ಲದ ದಿನವಾ? ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್ ಹಾಕಿ ಡ್ರೈವರ್ ಮ್ಯಾನೇಜರ್ ತೆರೆಯಿರಿ, ನೆಟ್ ಇಲ್ಲದಿದ್ದರೆ ಅದು ಪೆನ್‌ಡ್ರೈವ್‌ನಲ್ಲೇ ಡ್ರೈವರ್ ಹುಡುಕುತ್ತದೆ. ಇದನ್ನು ಯೋಚಿಸಿ ಮಾಡಿದವರಿಗೆ ನಾನು ಮನಸಾರೆ ಥ್ಯಾಂಕ್ಸ್ ಹೇಳುತ್ತೇನೆ. ಸೆಕ್ಯೂರ್ ಬೂಟ್ (ಒಪ್ಪಿಗೆಯಿಲ್ಲದ ಸಾಫ್ಟ್‌ವೇರ್ ತಡೆಯುವ ಬಯೋಸ್ ಸೆಟ್ಟಿಂಗ್) ಆನ್ ಇದ್ದರೆ ಇಂಥ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ, ಅಲ್ಲಿ ಎನ್‌ರೋಲ್ ಮಾಕ್ (Enroll MOK) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಗಾಬರಿಯಾಗಿ ಅದನ್ನು ದಾಟಿ ಹೋದರೆ ಡ್ರೈವರ್ ಹಾಕಿದ್ದರೂ ಕೆಲಸ ಮಾಡುವುದಿಲ್ಲ.

ಈಗ ಮಳೆಗಾಲದ ಕಥೆ. ಹಳೆಯ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಸತ್ತೇ ಹೋಗಿರುತ್ತದೆ, ಪ್ಲಗ್‌ನಲ್ಲಿದ್ದರೆ ಮಾತ್ರ ಜೀವ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಲೈನ್‌ನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲಿ ಕೆಲವು ಆರಿಹೋಗುತ್ತವೆ. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಅದಕ್ಕೆ ಹಾಕಿಡಿ, ಬದಲಾವಣೆ ಬೇಗ ಆಗುತ್ತದೆ. ಮಿಂಟ್ ಬಳಸುವ ಇಎಕ್ಸ್‌ಟಿ4 ಫೈಲ್ ಸಿಸ್ಟಂ ಬರೆಯುವ ಮೊದಲು ಏನು ಬರೆಯುತ್ತೇನೆ ಅಂತ ಒಂದು ಜರ್ನಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಹಾಗಾಗಿ ತಟ್ಟನೆ ಕರೆಂಟ್ ಹೋದರೂ ಮುಂದಿನ ಸಲ ಆನ್ ಆಗುವಾಗ ತಾನೇ ಸರಿಮಾಡಿಕೊಂಡು ಏಳುತ್ತದೆ. ಹೆಚ್ಚಿನ ಸಲ ನಿಮಗೆ ಗೊತ್ತೂ ಆಗುವುದಿಲ್ಲ.

ಯಾವಾಗಲೋ ಒಮ್ಮೆ ಹಾಗಾಗದೆ ಕಪ್ಪು ಪರದೆಯ ಮೇಲೆ ಇನಿಟ್‌ರಾಮ್‌ಎಫ್‌ಎಸ್ (initramfs) ಅಂತ ಬಂದು ನಿಂತುಬಿಡುತ್ತದೆ. ಚಿಕ್ಕಪ್ಪನ ಲ್ಯಾಪ್‌ಟಾಪ್‌ನಲ್ಲಿ ಒಂದು ಜೋರು ಮಳೆಯ ರಾತ್ರಿ ಹೀಗೇ ಆಯಿತು. ಫೋನ್ ಮಾಡಿ "ಎಲ್ಲಾ ಹೋಯ್ತು ಮಗಾ, ಚೆಕ್‌ರೋಲ್ ಎಲ್ಲಾ ಹೋಯ್ತು" ಅಂದರು. ಏನೂ ಹೋಗಿರಲಿಲ್ಲ. ಪರದೆಯ ಮೇಲಿನ ಸಾಲುಗಳನ್ನು ನಿಧಾನಕ್ಕೆ ಓದಿ ಹೇಳಿ ಚಿಕ್ಕಪ್ಪ ಅಂದೆ. ಯಾವ ಪಾರ್ಟಿಶನ್‌ನಲ್ಲಿ (ಡಿಸ್ಕ್‌ನ ಭಾಗ) ತೊಂದರೆ, ಎಫ್‌ಎಸ್‌ಸಿಕೆಯನ್ನು (fsck, ಡಿಸ್ಕ್ ಪರೀಕ್ಷಿಸಿ ಸರಿಮಾಡುವ ಕಮಾಂಡ್) ಕೈಯಾರೆ ನಡೆಸಿ ಅಂತ ಅಲ್ಲೇ ಬರೆದಿರುತ್ತದೆ. ಎಫ್‌ಎಸ್‌ಸಿಕೆ ಅಂತ ಟೈಪ್ ಮಾಡಿ, ಮೈನಸ್ ವೈ (-y) ಸೇರಿಸಿ, ಪರದೆ ತೋರಿಸಿದ ಪಾರ್ಟಿಶನ್ ಹೆಸರನ್ನು ಹಾಗೆಯೇ ಹಾಕಿ ಎಂಟರ್ ಒತ್ತಿದರೆ ಸಾಲುಸಾಲಾಗಿ ಸರಿಮಾಡುತ್ತಾ ಹೋಗುತ್ತದೆ. ಮುಗಿದಮೇಲೆ ಎಕ್ಸಿಟ್ ಅಂತ ಟೈಪ್ ಮಾಡಬೇಕು. ಫೋನಿನಲ್ಲೇ ಹೇಳಿಕೊಟ್ಟೆ, ಅವರೇ ಟೈಪ್ ಮಾಡಿದರು, ಲ್ಯಾಪ್‌ಟಾಪ್ ಎದ್ದಿತು. ತೋಟ ನೋಡಿಕೊಳ್ಳುವ, ಕಮಾಂಡ್ ಅಂದರೆ ಏನೆಂದೇ ಗೊತ್ತಿಲ್ಲದ ಹಿರಿಯರೊಬ್ಬರು ಆ ರಾತ್ರಿ ತಮ್ಮ ಯಂತ್ರವನ್ನು ತಾವೇ ರಿಪೇರಿ ಮಾಡಿಕೊಂಡರು, ಮತ್ತು ಅದಕ್ಕೆ ಬೇಕಾದ ಸುಳಿವೆಲ್ಲ ಪರದೆಯ ಮೇಲೇ ಇತ್ತು. ನನಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ.

ಆದರೆ ಇದು ಮತ್ತೆ ಮತ್ತೆ ಬರುತ್ತಿದ್ದರೆ ಸುಮ್ಮನಿರಬೇಡಿ. ಮಿಂಟ್‌ನಲ್ಲಿ ಡಿಸ್ಕ್ಸ್ ಅಂತ ಒಂದು ಆ್ಯಪ್ ಇದೆ, ಅದರಲ್ಲಿ ಸ್ಮಾರ್ಟ್ ಮಾಹಿತಿ ತೆರೆದರೆ ಡಿಸ್ಕ್‌ನ ಆರೋಗ್ಯ ತಿಳಿಯುತ್ತದೆ. ಅಲ್ಲಿ ಕೆಂಪು ಕಂಡರೆ ಮೊದಲು ಫೈಲ್‌ಗಳನ್ನು ಬೇರೆಡೆಗೆ ಎತ್ತಿಡಿ, ರಿಪೇರಿ ಆಮೇಲೆ.

ಅಪ್‌ಡೇಟ್ ನಡೆಯುವಾಗಲೇ ಕರೆಂಟ್ ಹೋದರೆ? ಅರ್ಧ ಹಾಕಿದ ಪ್ಯಾಕೇಜ್‌ಗಳು ಸಿಕ್ಕಿಕೊಳ್ಳುತ್ತವೆ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ), ಪ್ಯಾಕೇಜ್ ಹಾಕುವ ಸಾಧನವಾದ ಡಿಪಿಕೆಜಿಗೆ (dpkg) ಉಳಿದದ್ದನ್ನು ಕಾನ್ಫಿಗರ್ ಮಾಡು ಅಂತ ಹೇಳುವ ಒಂದು ಕಮಾಂಡ್ ಇದೆ. ಎರರ್ ಬಂದಾಗ ಹೆಚ್ಚಾಗಿ ಅದನ್ನೇ ನಡೆಸಿ ಅಂತ ಸಿಸ್ಟಮ್ಮೇ ತಿಳಿಸುತ್ತದೆ. ಅದೂ ಆಗದಿದ್ದರೆ ಟೈಮ್‌ಶಿಫ್ಟ್. ಇದು ಮಿಂಟ್ ಜೊತೆಗೇ ಬರುತ್ತದೆ, ಇನ್‌ಸ್ಟಾಲ್ ಆದ ಮೊದಲ ದಿನವೇ ಆನ್ ಮಾಡಿ. ಸಿಸ್ಟಂ ಇದ್ದ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ತೆಗೆದಿಡುತ್ತದೆ, ಬೂಟ್ ಆಗದಿದ್ದರೂ ಪೆನ್‌ಡ್ರೈವ್‌ನ ಲೈವ್ ಸೆಷನ್‌ನಲ್ಲಿ ಟೈಮ್‌ಶಿಫ್ಟ್ ತೆರೆದು ಹಿಂದಿನ ದಿನದ ಸ್ಥಿತಿಗೆ ಮರಳಬಹುದು. ಹಾಗಾಗಿ ಆ ಪೆನ್‌ಡ್ರೈವ್ ಅಳಿಸಬೇಡಿ, ಟಾರ್ಚ್ ಇಡುವ ಡ್ರಾಯರ್‌ನಲ್ಲೇ ಅದೂ ಇರಲಿ. ಒಂದು ವಿಷಯ ಮಾತ್ರ ಸರಿಯಾಗಿ ತಿಳಿದುಕೊಳ್ಳಿ: ಟೈಮ್‌ಶಿಫ್ಟ್ ನಿಮ್ಮ ಫೋಟೋ, ದಾಖಲೆಗಳನ್ನು ತಾನಾಗಿ ಉಳಿಸುವುದಿಲ್ಲ, ಸಿಸ್ಟಂ ಫೈಲ್‌ಗಳನ್ನಷ್ಟೇ. ಚೆಕ್‌ರೋಲ್, ಫೋಟೋ, ಜಮಾಬಂದಿ ಸ್ಕ್ಯಾನ್‌ಗಳಿಗೆ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಬೇರೆ ಬ್ಯಾಕಪ್ ಬೇಕೇ ಬೇಕು. ಎಸ್‌ಎಸ್‌ಡಿ ಚಿಕ್ಕದಾದರೆ ಎರಡು ಮೂರು ಸ್ನ್ಯಾಪ್‌ಶಾಟ್‌ಗಿಂತ ಜಾಸ್ತಿ ಇಡಬೇಡಿ, ಜಾಗ ತುಂಬಿ ಸಿಸ್ಟಮ್ಮೇ ನಿಲ್ಲಬಹುದು.

ಅಪ್‌ಡೇಟ್ ಬಂದಿದೆ ಅಂತ ಮಿಂಟ್ ಮೂಲೆಯಲ್ಲಿ ಒಂದು ಚಿಹ್ನೆ ತೋರಿಸುತ್ತದೆ, ನೀವು ಹೇಳುವವರೆಗೆ ಹಾಕುವುದಿಲ್ಲ. ಫೋನಿನ ಡೇಟಾದಲ್ಲಿ ದಿನ ದೂಡುವವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಲ್ವಾ? ಕರೆಂಟ್ ಇರುವ ದಿನ, ನೆಟ್ ಚೆನ್ನಾಗಿರುವ ದಿನ ಹಾಕಿಕೊಂಡರಾಯಿತು. ಇನ್ನು ವಾರ್ಪಿನೇಟರ್ ಅಂತ ಒಂದು ಪುಟ್ಟ ಆ್ಯಪ್ ಇದೆ. ಒಂದೇ ರೌಟರ್‌ನಲ್ಲಿರುವ ಎರಡು ಕಂಪ್ಯೂಟರ್‌ಗಳ ನಡುವೆ ಇಂಟರ್‌ನೆಟ್ ಇಲ್ಲದೆಯೇ ಫೈಲ್ ಕಳಿಸುತ್ತದೆ. ಹೊರಗಿನ ಫೈಬರ್ ತುಂಡಾಗಿದ್ದರೂ ಮನೆಯ ರೌಟರ್ ಉರಿಯುತ್ತಿದ್ದರೆ ಸಾಕು. ಚಿಕ್ಕಮ್ಮನ ಲ್ಯಾಪ್‌ಟಾಪ್‌ನಿಂದ ಹೋಂಸ್ಟೇ ಫೋಟೋಗಳು ಈಗ ಹಾಗೇ ಬರುತ್ತವೆ.

ಕನ್ನಡದ ವಿಷಯ ನನಗೆ ಮುಖ್ಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕನ್ನಡ ಓದಲು ಏನೂ ಮಾಡಬೇಕಾಗಿಲ್ಲ, ಅಕ್ಷರ ಸರಿಯಾಗಿ ಕಾಣುತ್ತದೆ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳನ್ನು ಹಾಕಿಕೊಂಡರೆ ಇನ್ನೂ ಚೆಂದ. ಟೈಪ್ ಮಾಡಲು ಎರಡು ದಾರಿ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲೇ ಕಗಪ ಲೇಔಟ್ ಸಿಗುತ್ತದೆ, ಆದರೆ ಅದು ಒಂದು ಕೀಗೆ ಒಂದು ಅಕ್ಷರ ಅನ್ನುವ ಲೆಕ್ಕದ್ದು. ವ್ಯಂಜನದ ಮುಂದೆ ಸ್ವರ ಬಂದರೆ ಅದನ್ನು ಗುಣಿತ ಮಾಡಬೇಕು ಅಂತ ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ನುಡಿ ಸಾಫ್ಟ್‌ವೇರ್‌ನಲ್ಲಿ ಬೆರಳು ಪಳಗಿದವರಿಗೆ ಇದು ಕಿರಿಕಿರಿ. ಅವರು ಐಬಸ್ ಎಂಬ ಟೈಪಿಂಗ್ ಸಾಧನ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಅದರೊಳಗಿನ ಕನ್ನಡ ಕೆಜಿಪಿ ಆರಿಸಿಕೊಳ್ಳಿ. ಎ, ಕೆ, ಎಫ್, ಕೆ ಒತ್ತಿದರೆ ಅಕ್ಕ ಬರುತ್ತದೆ, ನುಡಿಯಲ್ಲಿ ಬರುವ ಹಾಗೇ. ಹಾಕಿದಮೇಲೆ ಲಾಗ್‌ಔಟ್ ಆಗಿ ಬರದಿದ್ದರೆ ಐಬಸ್ ಕೆಲಸ ಶುರುಮಾಡದೇ ಇರಬಹುದು, ಅದನ್ನು ಮರೆಯಬೇಡಿ. ಇಂಗ್ಲಿಷ್ ಉಚ್ಚಾರದಂತೆ ಬರೆಯುವವರಿಗೆ ಐಟ್ರಾನ್ಸ್ ಇದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ಕೊಡವ ತಕ್ಕ್, ಅರೆಭಾಷೆ ಬರೆಯುವವರೂ ಕನ್ನಡ ಲಿಪಿಯನ್ನೇ ಬಳಸುವುದರಿಂದ ಅವರಿಗೂ ಇದೇ ಸಾಕು.

ಕೊರತೆಯೂ ಇದೆ. ಸಿಸ್ಟಂ ಭಾಷೆಯನ್ನೇ ಕನ್ನಡ ಮಾಡಿದರೆ ಮೆನು ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆಗಿ ಕಾಣುತ್ತದೆ, ಅನುವಾದ ಇನ್ನೂ ಪೂರ್ತಿಯಾಗಿಲ್ಲ. ಇದು ನಮ್ಮವರೇ ಕೂತು ಮಾಡಬೇಕಾದ ಕೆಲಸ, ಯಾರು ಬೇಕಾದರೂ ಸೇರಿಕೊಳ್ಳಬಹುದು. ಇನ್ನೊಂದು ತೊಡಕು ಹಳೆಯ ಆಸ್ಕಿ ಫೈಲ್‌ಗಳದ್ದು. ಹಳೆಯ ನುಡಿ, ಬರಹ ಫಾಂಟ್‌ನಲ್ಲಿ ಬರೆದ ಅರ್ಜಿ, ನಡಾವಳಿಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದು ಮಿಂಟ್‌ನ ತಪ್ಪಲ್ಲ, ಆ ಫಾಂಟ್ ಇಲ್ಲದ ಯಾವ ಕಂಪ್ಯೂಟರ್‌ನಲ್ಲೂ ಹಾಗೇ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒಮ್ಮೆ ಬದಲಿಸಿಟ್ಟರೆ ಫೋನಿನಲ್ಲೂ ಓದಬಹುದು.

ಪ್ರಿಂಟರ್ ಮಾತ್ರ ಕೊಳ್ಳುವ ಮುಂಚೆ, ಮಿಂಟ್ ಹಾಕುವ ಮುಂಚೆ ನೋಡಲೇಬೇಕು. ಏರ್‌ಪ್ರಿಂಟ್ ಇರುವ ಈಚಿನ ವೈಫೈ ಪ್ರಿಂಟರ್‌ಗಳು ಡ್ರೈವರ್ ಕೇಳದೆ ಸಿಗುತ್ತವೆ. ಕಂಪನಿಯ ಸ್ವಂತ ಭಾಷೆಯಲ್ಲಿ ಮಾತಾಡುವ ಹಳೆಯ ಅಗ್ಗದ ಲೇಸರ್ ಪ್ರಿಂಟರ್‌ಗಳು ಕಾಡುತ್ತವೆ. ಚಿಕ್ಕಪ್ಪನ ಹಳೆಯ ಪ್ರಿಂಟರ್ ಇಂಥದ್ದೇ, ಎಷ್ಟು ಒದ್ದಾಡಿದರೂ ಒಂದು ಪುಟ ಬಂದರೆ ಇನ್ನೊಂದು ಬರುತ್ತಿರಲಿಲ್ಲ. ಅದನ್ನು ಈಗ ಚಿಕ್ಕಮ್ಮನ ವಿಂಡೋಸ್ ಲ್ಯಾಪ್‌ಟಾಪ್‌ಗೇ ಜೋಡಿಸಿದೆ.

ಮಿಂಟ್ ಬೇರೆ ಬೇರೆ ಡೆಸ್ಕ್‌ಟಾಪ್‌ಗಳ ಎಡಿಷನ್‌ಗಳಲ್ಲಿ ಸಿಗುತ್ತದೆ. ಯಾವುದು ಹಾಕಬೇಕು? 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ, 8 ಇದ್ದರೆ ಸಿನಮನ್. ಮಿಂಟ್‌ನವರು ಕನಿಷ್ಠ 2 ಜಿಬಿ ಸಾಕು ಅಂತ ಹೇಳುತ್ತಾರೆ, ಸಿಸ್ಟಂ ಏಳುವುದೇನೋ ಹೌದು, ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ತಿಣುಕುತ್ತದೆ. 32 ಬಿಟ್‌ನ ತೀರಾ ಹಳೆಯ ಯಂತ್ರಗಳಿಗೆ ಇದು ಆಗುವುದಿಲ್ಲ, 2020ರ ಮಿಂಟ್ 20ರಿಂದ ಮುಖ್ಯ ಎಡಿಷನ್‌ಗಳು 64 ಬಿಟ್ ಮಾತ್ರ.

ಟ್ಯಾಲಿಯಲ್ಲಿ ಲೆಕ್ಕ ಇಡುವ ಅಂಗಡಿಯವರು, ಕಾಫಿ ಕ್ಯೂರಿಂಗ್ ವರ್ಕ್ಸ್‌ನವರು, ಡಿಜಿಟಲ್ ಸಹಿ ಟೋಕನ್ ಹಾಕಿ ರಿಟರ್ನ್ ಸಲ್ಲಿಸುವವರು ಆ ಒಂದು ಕಂಪ್ಯೂಟರ್‌ನಲ್ಲಿ ವಿಂಡೋಸೇ ಇಟ್ಟುಕೊಳ್ಳಿ. ಟ್ಯಾಲಿ ಲಿನಕ್ಸ್‌ಗೆ ಬರುವುದಿಲ್ಲ, ವೈನ್‌ನಲ್ಲಿ (ಲಿನಕ್ಸ್ ಮೇಲೆ ವಿಂಡೋಸ್ ಸಾಫ್ಟ್‌ವೇರ್ ನಡೆಸುವ ಸಾಧನ) ಓಡಿಸಿ ವ್ಯವಹಾರದ ಲೆಕ್ಕವನ್ನು ಅದರ ಮೇಲೆ ಬಿಡುವುದು ಸರಿಯಲ್ಲ. ಮನೆಯ, ತೋಟದ, ಹೋಂಸ್ಟೇಯ, ಮಕ್ಕಳ ಓದಿನ ಉಳಿದೆಲ್ಲ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಮಿಂಟ್ ಹಾಕಿ. ಹಾಕುವುದಾದರೆ ಮೇ ಮುಗಿಯುವುದರೊಳಗೆ ಹಾಕಿಬಿಡಿ. ಜೂನ್ ಬಂದರೆ 3 ಜಿಬಿ ಇಳಿಸಲು ನೆಟ್ ಹುಡುಕುವುದೇ ಒಂದು ಕೆಲಸ.